ಆ ಏಳು ನಿಮಿಷ: ಭಾರತ–ಪಾಕ್ ಒಪ್ಪಂದಗಳಲ್ಲಿ ಇಲ್ಲದ ಅಸ್ತ್ರಗಳು

2022ರ ಮಾರ್ಚ್ 9ರ ಸಂಜೆ. ಪಾಕಿಸ್ತಾನದ ಪಂಜಾಬ್‌ನಲ್ಲಿರುವ ಮಿಯಾನ್ ಚನ್ನು ಬಳಿ ಆಕಾಶದಿಂದ ಏನೋ ಬಂದು ಬಿತ್ತು. ಗೋಡೆಯೊಂದು ಕುಸಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಬಿದ್ದದ್ದು ಭಾರತದ ಬ್ರಹ್ಮೋಸ್ ಕ್ಷಿಪಣಿ. ಯಾರೂ ಹಾರಿಸಬೇಕು ಅಂತ ಹಾರಿಸಿದ್ದಲ್ಲ. ನಿರ್ವಹಣೆ ಕೆಲಸದ ವೇಳೆ ತಾಂತ್ರಿಕ ದೋಷದಿಂದ ಹಾರಿಬಿಟ್ಟಿತು ಎಂದು ಭಾರತ ಎರಡು ದಿನದ ಮೇಲೆ ಹೇಳಿತು, ವಿಷಾದವನ್ನೂ ವ್ಯಕ್ತಪಡಿಸಿತು. ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳು ಸೇವೆಯಿಂದ ವಜಾ ಆದರು.

ಪಾಕಿಸ್ತಾನದ ಸೇನೆ ಕೊಟ್ಟ ಲೆಕ್ಕದಲ್ಲಿ ಅದು ಮೇಲೆದ್ದದ್ದು 6.43ಕ್ಕೆ, ಬಿದ್ದದ್ದು 6.50ಕ್ಕೆ. ರೇಡಾರ್ ಮುಂದೆ ಕೂತವರಿಗೆ ಸಿಕ್ಕಿದ್ದು ಇಷ್ಟೇ ಹೊತ್ತು. ಬರುತ್ತಿರುವುದು ಏನು, ಒಳಗೆ ಏನಿದೆ, ಹಿಂದೆ ಇನ್ನೂ ಬರುತ್ತವಾ ಅಂತ ಅಷ್ಟರಲ್ಲೇ ತೀರ್ಮಾನಿಸಬೇಕು. ಗಡಿಯಲ್ಲಿ ಅವತ್ತು ಬಿಸಿ ಇರಲಿಲ್ಲ. ಇದ್ದಿದ್ದರೆ?

1974ರ ಪೋಖ್ರಾನ್‌ನಿಂದ 1998ರ ಮೇವರೆಗೆ ಎರಡೂ ದೇಶಗಳು ಬಾಂಬ್ ಮಾಡಿಕೊಂಡವು, ಪರೀಕ್ಷಿಸಿದವು. ‘ನೀನು ಹೊಡೆದರೆ ನಾನೂ ಬಿಡಲ್ಲ’ ಅನ್ನುವ ಭಯವೇ ಆಮೇಲೆ ಕಾವಲು ಕಾಯಿತು. ಆದರೆ ಈ ಭಯ ಕೆಲಸ ಮಾಡಬೇಕಾದರೆ ಎದುರಿನವನು ಏನು ಮಾಡುತ್ತಿದ್ದಾನೆ ಅಂತ ಗೊತ್ತಾಗಬೇಕು, ಯೋಚಿಸೋಕೆ ಟೈಮೂ ಬೇಕು.

ಅದಕ್ಕಾಗಿಯೇ ಒಂದಿಷ್ಟು ಒಪ್ಪಂದಗಳು ಆದವು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರಲ್ಲಿ ಸಹಿ ಬಿತ್ತು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಕೈ ಬದಲಾಗುತ್ತಿದೆ. ಎಷ್ಟೇ ಜಗಳ ಇದ್ದರೂ ಈ ಪದ್ಧತಿ ನಡೆದುಕೊಂಡು ಬಂದಿರುವುದು ಸಣ್ಣ ವಿಷಯವಲ್ಲ. 2005ರಲ್ಲಿ ಇನ್ನೊಂದು ಒಪ್ಪಂದ ಆಯಿತು. ಕ್ಷಿಪಣಿ ಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲೇ ತಿಳಿಸಬೇಕು ಅಂತ.

ಆದರೆ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗೆ ಮಾತ್ರ. ಅಂದರೆ ಕಲ್ಲು ಎಸೆದ ಹಾಗೆ ಮೇಲೇರಿ ಕೆಳಗೆ ಬೀಳುವಂಥದ್ದಕ್ಕೆ. ಅದರ ದಾರಿಯನ್ನು ಹೆಚ್ಚುಕಮ್ಮಿ ಲೆಕ್ಕ ಹಾಕಬಹುದು. ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ. ಹಾರುತ್ತಲೇ ದಿಕ್ಕು ಬದಲಿಸುತ್ತದೆ, ವೇಗ ಶಬ್ದದ ಸುಮಾರು ಮೂರು ಪಟ್ಟು. ಒಪ್ಪಂದದಲ್ಲಿ ಇದರ ಮಾತೇ ಇಲ್ಲ. ಡ್ರೋನ್‌ಗಳ ಬಗ್ಗೆಯೂ ಇಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. 2024ರ ಮಾರ್ಚ್‌ನಲ್ಲಿ ಭಾರತ ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆ ಹೊರುವ ಅಗ್ನಿ-5 ಪರೀಕ್ಷಿಸಿತು. ಪಾಕಿಸ್ತಾನ ಅಂಥದ್ದೇ ಅಬಾಬೀಲನ್ನು 2017ರಲ್ಲೇ ಹಾರಿಸಿತ್ತು. 2024ರ ನವೆಂಬರ್‌ನಲ್ಲಿ ಭಾರತದ ಹೈಪರ್‌ಸಾನಿಕ್, ಅಂದರೆ ಶಬ್ದದ ಐದು ಪಟ್ಟಿಗಿಂತ ಹೆಚ್ಚು ವೇಗದ ಕ್ಷಿಪಣಿಯ ಪರೀಕ್ಷೆಯೂ ಆಯಿತು. ಚೀನಾದ ಕಡೆ ನೋಡಿಕೊಂಡೇ ಭಾರತ ಇದನ್ನೆಲ್ಲ ಮಾಡುತ್ತಿದೆ, ಅದು ನಿಜ. ಆದರೆ ಇಸ್ಲಾಮಾಬಾದ್‌ನಲ್ಲಿ ಕೂತವರ ಗಡಿಯಾರವೂ ಅದರ ಜೊತೆಗೇ ಓಡುತ್ತದೆ ಅಲ್ವಾ?

2025ರ ಮೇ ತಿಂಗಳ ನಾಲ್ಕು ದಿನದ ಸಂಘರ್ಷದಲ್ಲಿ ಎರಡೂ ಕಡೆಯಿಂದ ಡ್ರೋನ್‌ಗಳು ಹಾರಿದವು. ಮೇ 8ರ ರಾತ್ರಿ ಒಂದರಲ್ಲೇ 300ರಿಂದ 400 ಡ್ರೋನ್ ಬಂದವು ಎಂದಿತು ಭಾರತ. ಡ್ರೋನ್‌ನಲ್ಲಿ ಪೈಲಟ್ ಇಲ್ಲ, ಹೊಡೆದುರುಳಿಸಿದರೂ ಕಳಿಸಿದವರ ಕಡೆ ಯಾರೂ ಸಾಯಲ್ಲ. ಹಾಗಾಗಿ ಕಳಿಸುವವರಿಗೆ ಹಿಂಜರಿಕೆ ಕಡಿಮೆ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆ ಮುಖ್ಯಸ್ಥರು ಭಾರತದ ಮುಖ್ಯಸ್ಥರಿಗೆ ಫೋನ್ ಮಾಡಿದರು. ಸಂಜೆ 5ರಿಂದ ಗುಂಡು ನಿಲ್ಲಿಸೋಣ ಎಂದು ಒಪ್ಪಿಕೊಂಡರು. 2022ರ ಆ ಸಂಜೆಯೂ ಎರಡು ಸೇನೆಗಳ ನಡುವಿನ ಇದೇ ನೇರ ಫೋನ್, ಅಂದರೆ ಹಾಟ್‌ಲೈನ್ ಇತ್ತು. ಆದರೂ ಭಾರತ ಏನಾಯಿತೆಂದು ಹೇಳಿದ್ದು ಎರಡು ದಿನದ ಮೇಲೆ.