ಡೀಕನ್ ಜಾನ್ ಆಡಮ್ಸ್: ಊರಿನ ಕೆಲಸ ಹೊತ್ತ ಒಬ್ಬ ರೈತ (ಅಧ್ಯಯನ ಟಿಪ್ಪಣಿ)

ಅಮೆರಿಕದ ವಸಾಹತು ಕಾಲ ಅಂದಕೂಡಲೆ ನಮ್ಮ ನೋಟ್ಸ್‌ನಲ್ಲಿ ಸ್ಟಾಂಪ್ ಕಾಯ್ದೆ, ಬಾಸ್ಟನ್ ಟೀ ಪಾರ್ಟಿ, 1776ರ ಸ್ವಾತಂತ್ರ್ಯ ಘೋಷಣೆ ಇವೇ ತುಂಬಿಕೊಂಡಿರುತ್ತವೆ. ಅದಕ್ಕೂ ಮೊದಲಿನ ನೂರು ಚಿಲ್ಲರೆ ವರ್ಷಗಳು "ಸ್ಥಳೀಯ ಸ್ವಯಮಾಡಳಿತ ಬೆಳೆಯಿತು" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಆ ಸಾಲಿನ ಒಳಗೆ ಏನಿದೆ ಅಂತ ನನಗೆ ಹೊಳೆದದ್ದು ಒಬ್ಬ ರೈತನ ಬದುಕನ್ನು ಓದಿದ ಮೇಲೆ. ಜೊತೆಗೆ ಓದುತ್ತಿರುವವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಹೆಸರಿನ ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ಅಪ್ಪ, ಮಗ ಇಬ್ಬರೂ ಜಾನ್ ಆಡಮ್ಸ್. ಮಗ ಅಮೆರಿಕದ ಎರಡನೇ ಅಧ್ಯಕ್ಷನಾದವನು. ನಮ್ಮ ಟಿಪ್ಪಣಿ ಅಪ್ಪನ ಬಗ್ಗೆ. ಚರ್ಚಿನಲ್ಲಿ ಡೀಕನ್ (ಪಾದ್ರಿಗೆ ನೆರವಾಗುವ, ಸಭಿಕರಲ್ಲೇ ಒಬ್ಬ ಹಿರಿಯ) ಆಗಿದ್ದರಿಂದ ಅವನನ್ನು "ಡೀಕನ್ ಜಾನ್" ಎಂದೇ ಕರೆಯುವುದು ವಾಡಿಕೆ. ಮಗನನ್ನು ಇಲ್ಲಿ ಬರೀ "ಜಾನ್" ಅನ್ನುತ್ತೇನೆ.

ಡೀಕನ್ ಹುಟ್ಟಿದ್ದು 1691ರಲ್ಲಿ, ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀ ಎಂಬ ಊರಲ್ಲಿ. ಬಾಸ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 10 ಮೈಲಿ. ಆ ಊರಿನ ಉತ್ತರ ಭಾಗವೇ 1792ರಲ್ಲಿ ಬೇರೆಯಾಗಿ ಕ್ವಿನ್ಸಿ ಆಯಿತು. ಅವನ ಅಣ್ಣನಿಗೆ ಹಾರ್ವರ್ಡ್ ಸಿಕ್ಕಿತು, ಇವನಿಗೆ ಹೊಲ. 1720ರಲ್ಲಿ ಮನೆ ಕೊಂಡ, 1734ರಲ್ಲಿ ಸುಸಾನಾ ಬಾಯ್ಲ್‌ಸ್ಟನ್‌ಳನ್ನು ಮದುವೆಯಾದ, ಮೂವರು ಗಂಡುಮಕ್ಕಳಾದರು. ಬೇಸಿಗೆಯಲ್ಲಿ ಬೇಸಾಯ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಮನೆಯೊಳಗೆ ಕೂತು ಜೋಡು ಹೊಲಿಯುವುದು. ನಮ್ಮಲ್ಲಿ ಚರ್ಮದ ಕೆಲಸವನ್ನು ಜಾತಿಗೆ ಕಟ್ಟಿಹಾಕಿ, ಮಾಡಿದವರನ್ನು ಊರ ಹೊರಗಿಟ್ಟ ಚರಿತ್ರೆ ಇದೆ. ಅಲ್ಲಿ ಜೋಡು ಹೊಲಿದ ಕೈಯೇ ಚರ್ಚಿನಲ್ಲಿ ಕಾಣಿಕೆ ಎತ್ತುತ್ತಿತ್ತು, ಊರ ಲೆಕ್ಕ ಬರೆಯುತ್ತಿತ್ತು. ನಾವು ಓದುವಾಗ ಈ ವ್ಯತ್ಯಾಸದ ಹತ್ತಿರ ಸ್ವಲ್ಪ ನಿಲ್ಲಬೇಕು.

ಇನ್ನು ಊರಿನ ಆಡಳಿತ. ಪ್ರತಿ ವರ್ಷ ಮಾರ್ಚ್‌ನಲ್ಲಿ ಟೌನ್ ಮೀಟಿಂಗ್ ಸೇರುತ್ತಿತ್ತು. ನಮ್ಮ ಗ್ರಾಮಸಭೆಯನ್ನು ನೆನೆಸಿಕೊಳ್ಳಿ, ಆದರೆ ತೆರಿಗೆ ಎಷ್ಟು, ಖರ್ಚು ಯಾವುದಕ್ಕೆ ಎಂದು ತಾನೇ ತೀರ್ಮಾನಿಸುವ ಅಧಿಕಾರ ಅದಕ್ಕಿತ್ತು. ಭಾನುವಾರ ಪ್ರಾರ್ಥನೆ ನಡೆಯುವ ಕಟ್ಟಡದಲ್ಲೇ ಸಭೆಯೂ ನಡೆಯುತ್ತಿತ್ತು. ವರ್ಷವಿಡೀ ಊರಿನ ವ್ಯವಹಾರ ನೋಡಿಕೊಳ್ಳಲು ಆರಿಸುವವರೇ ಸೆಲೆಕ್ಟ್‌ಮನ್‌ಗಳು. ಅವರಲ್ಲದೆ ಕಂದಾಯ ವಸೂಲಿಗೆ ಕಾನ್‌ಸ್ಟೇಬಲ್, ರಸ್ತೆಗೊಬ್ಬ, ಬೇಲಿ ತಕರಾರು ನೋಡಲೊಬ್ಬ, ಬೀಡಾಡಿ ಹಂದಿಗಳನ್ನು ಹಿಡಿಸಲೊಬ್ಬ. ಕೆಲವು ಹುದ್ದೆಗಳನ್ನು ಒಲ್ಲೆ ಅಂದರೆ ದಂಡ ಬೀಳುತ್ತಿತ್ತು. ಅಲ್ಲಿ ಪದವಿ ಅಂದರೆ ಸರದಿಯಲ್ಲಿ ಹೆಗಲಿಗೆ ಬರುವ ಹೊರೆ. ಈ ಟಿಪ್ಪಣಿಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

1786ರಲ್ಲಿ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದ ಜಾನ್, ಊಟಕ್ಕೆ ಬಂದಿದ್ದ ವರ್ಜೀನಿಯಾದ ಒಬ್ಬ ಮೇಜರ್‌ಗೆ "ನಿಮ್ಮ ವರ್ಜೀನಿಯಾದಲ್ಲೂ ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಇರುವ ಈಶಾನ್ಯ ಸೀಮೆ) ಮಾಡುವ ವಿಧಾನ ಹೇಳಿಕೊಡುತ್ತೇನೆ" ಎಂದು ನಾಲ್ಕು ಸಾಮಗ್ರಿ ಹೇಳಿದ: ಊರ ಸಭೆ, ಸೇನಾ ಕವಾಯತಿನ ದಿನ, ಊರ ಶಾಲೆ, ಪಾದ್ರಿ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು, ಈ ಪಟ್ಟಿ ಅಪ್ಪನ ಬದುಕಿಗೇ ಹೊಂದುತ್ತದೆ. ಅಪ್ಪ ಊರ ಸಭೆಯ ಸೆಲೆಕ್ಟ್‌ಮನ್, ಊರ ಪಡೆಯ ಲೆಫ್ಟಿನೆಂಟ್, 1747ರಿಂದ ಚರ್ಚಿನ ಡೀಕನ್. ಉಳಿದದ್ದು ಶಾಲೆ. ಐವತ್ತು ಮನೆಗಳಿರುವ ಊರು ಓದು ಬರಹ ಕಲಿಸುವವನನ್ನು ಇಡಲೇಬೇಕು, ನೂರು ಮನೆಯಾದರೆ ಗ್ರಾಮರ್ ಶಾಲೆ (ಹುಡುಗರನ್ನು ಕಾಲೇಜಿಗೆ ತಯಾರು ಮಾಡುವ ಶಾಲೆ) ನಡೆಸಬೇಕು ಎಂದು ಮ್ಯಾಸಚೂಸೆಟ್ಸ್ 1647ರಲ್ಲೇ ಕಾನೂನು ಮಾಡಿತ್ತು. ಅದನ್ನು ನಡೆಸುವ ಭಾರ ಊರಿನದು.

ಶಾಲೆಯ ವಿಷಯದಲ್ಲಿ ಮನೆಯೊಳಗಿನ ಒಂದು ಪ್ರಸಂಗ ಇದೆ. ಹುಡುಗ ಜಾನ್‌ಗೆ ಓದು ಬೇಡವಾಗಿತ್ತು. ಏನಾಗುತ್ತೀಯ ಎಂದರೆ "ರೈತ" ಅಂದ. ಆಗಲಿ, ರೈತನಾಗುವುದು ಎಂದರೇನು ತೋರಿಸುತ್ತೇನೆ ಎಂದು ಅಪ್ಪ ಮರುದಿನ ಬೆಳಿಗ್ಗೆ ಅವನನ್ನು ಪೆನ್ನಿ ಫೆರಿ ಎಂಬಲ್ಲಿಗೆ ಕರೆದುಕೊಂಡು ಹೋದ. ಸೂರಿಗೆ ಹೊದಿಸುವ ಹುಲ್ಲು ಕೊಯ್ಯುವ ಕೆಲಸ, ಕೆಸರು. ದಿನವಿಡೀ ಜೊತೆಯಲ್ಲೇ ದುಡಿಸಿದ, ಗದರದೆ, ನಗುನಗುತ್ತಾ. ರಾತ್ರಿ ಕೇಳಿದ: "ಏನಪ್ಪಾ ಜಾನ್, ಬೇಸಾಯ ಹಿಡಿಸಿತಾ?" ಮೈಕೈ ನೋಯುತ್ತಿದ್ದರೂ ಹುಡುಗ ಪಟ್ಟು ಬಿಡಲಿಲ್ಲ, "ಚೆನ್ನಾಗೇ ಹಿಡಿಸಿತು" ಅಂದ. "ನಿನಗೆ ಹಿಡಿಸಿರಬಹುದು, ನನಗೆ ಹಿಡಿಸಲಿಲ್ಲ. ನಡಿ ಶಾಲೆಗೆ." ಮುಂದೊಂದು ದಿನ ಮಗ ಬಾಯಿಬಿಟ್ಟ: ಓದು ಬೇಡ ಅಂತಲ್ಲ, ಈ ಮೇಷ್ಟ್ರು ನನ್ನ ಕಡೆ ಗಮನವನ್ನೇ ಕೊಡುವುದಿಲ್ಲ. ಅಪ್ಪ ತಡಮಾಡದೆ ಬೇರೆ ಮೇಷ್ಟ್ರನ್ನು ಗೊತ್ತುಮಾಡಿದ. 1751ರಲ್ಲಿ ಜಾನ್ ಹಾರ್ವರ್ಡ್ ಸೇರಿದ.

ಊರ ಕೆಲಸ ಮನೆಗೆ ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೆ ಜಾನ್‌ನ ದಿನಚರಿಯಲ್ಲಿ 1758ರ ಡಿಸೆಂಬರ್‌ನ ಒಂದು ಪುಟ ಸಾಕು. ಗತಿಯಿಲ್ಲದವರನ್ನು ಯಾರದಾದರೂ ಮನೆಯಲ್ಲಿ ಇರಿಸಿ, ಊಟ ವಸತಿಯ ಖರ್ಚನ್ನು ಊರು ಕೊಡುವುದು ಆ ಕಾಲದ ಪದ್ಧತಿ. ಡೀಕನ್ ಇಬ್ಬರು ಹುಡುಗಿಯರನ್ನು ತನ್ನ ಮನೆಗೇ ಕರೆತಂದಿದ್ದ. ಇವರಿಗಾಗಿ ಊರಿನ ಲೆಕ್ಕಕ್ಕೆ ವಾರಕ್ಕೆ ಎಷ್ಟು ಹಣ ಹಾಕುತ್ತೀರಿ ಎಂದು ಸುಸಾನಾ ಕೇಳಿದಳು. ಇನ್ನೂ ತೀರ್ಮಾನಿಸಿಲ್ಲ, ಎಷ್ಟಾಗಬಹುದು ನೀನೇ ಹೇಳು ಅಂದ. ಅವಳಿಗೆ ರೇಗಿತು. "ಮೈಮೇಲೆ ಬಟ್ಟೆಯಿಲ್ಲದ ಊರಿನ ಬಡವರನ್ನೆಲ್ಲ ಇಲ್ಲಿಗೆ ತಂದು ಹಾಕಬೇಡಿ, ಬಿಟ್ಟಿಯಾಗಿ ಬಟ್ಟೆಬರೆ ಹೊಂದಿಸೋಕೆ ನನ್ನಿಂದಾಗೋಲ್ಲ" ಅಂದಳು. ಹುಡುಗಿಯರು ಅಳತೊಡಗಿದರು. ಜಾನ್ ಎದ್ದುಹೋಗಿ, ಮನಸ್ಸು ಸಮಾಧಾನಕ್ಕೆ ಬರಲಿ ಎಂದು ಪ್ರಾಚೀನ ರೋಮ್‌ನ ವಾಗ್ಮಿ ಸಿಸೆರೋನ ಪುಸ್ತಕ ಹಿಡಿದು ಕೂತ.

ಅಪ್ಪ ಒಂದೂ ಕೆಟ್ಟ ಮಾತಾಡಲಿಲ್ಲ ಎಂದು ಮಗ ಅಪ್ಪನ ಪರವಾಗಿಯೇ ಬರೆಯುತ್ತಾನೆ. ನನಗೆ ಸುಸಾನಾಳ ಮಾತು ನ್ಯಾಯವಾಗಿಯೇ ಕಾಣುತ್ತದೆ. ಟೌನ್ ಮೀಟಿಂಗ್‌ನಲ್ಲಿ ಮತ ಹಾಕುತ್ತಿದ್ದವರು ಆಸ್ತಿಯುಳ್ಳ ಗಂಡಸರು ಮಾತ್ರ. ಊರು ತೆಗೆದುಕೊಂಡ ತೀರ್ಮಾನಕ್ಕೆ ಅಡುಗೆ ಮಾಡಿ, ಬಟ್ಟೆ ಹೊಂದಿಸಿ ದುಡಿಯಬೇಕಾದವಳಿಗೆ ಆ ಸಭೆಯಲ್ಲಿ ಮತವಿರಲಿಲ್ಲ. ಸ್ವಯಮಾಡಳಿತದ ಮಿತಿ ಬಗ್ಗೆ ಪ್ರಶ್ನೆ ಬಂದರೆ ನಾನಂತೂ ಈ ಜಗಳದಿಂದಲೇ ಉತ್ತರ ಶುರುಮಾಡುತ್ತೇನೆ.

1761ರ ಮೇ 25ರಂದು, ಇನ್‌ಫ್ಲುಯೆಂಜಾ ಹರಡಿದ್ದ ವರ್ಷ, ಡೀಕನ್ ತೀರಿಕೊಂಡ. ಜಾನ್‌ನ ಪಾಲಿಗೆ ಪಕ್ಕದ ಮನೆ ಮತ್ತು ಸುಮಾರು 40 ಎಕರೆ ಬಂತು. ಅಪ್ಪನ ಉಯಿಲಿನ ಪ್ರತಿಯ ಮೇಲೆ ಅವನು ಹೀಗೆ ಬರೆದಿಟ್ಟಿದ್ದಾನೆ: ಇಪ್ಪತ್ತು ವರ್ಷ ಊರಿನ ಹೆಚ್ಚುಕಡಿಮೆ ಎಲ್ಲ ವ್ಯವಹಾರ ಇವರ ಕೈಯಲ್ಲೇ ನಡೆಯಿತು, ಗೊತ್ತಿದ್ದ ಕಡೆಯೆಲ್ಲ ಜನ ಪ್ರೀತಿ ಗೌರವ ಇಟ್ಟಿದ್ದರು, ಆದರೆ ಗೊತ್ತಿದ್ದದ್ದು ಬಹಳ ದೂರದವರೆಗೇನಲ್ಲ.

ಅದೇ ವರ್ಷದ ಮಾರ್ಚ್ ಸಭೆಯಲ್ಲಿ, ಅಪ್ಪ ಇನ್ನೂ ಬದುಕಿದ್ದಾಗ, ಜಾನ್‌ನನ್ನು ಊರ ರಸ್ತೆ ಉಸ್ತುವಾರಿಗೆ ಆರಿಸಿಬಿಟ್ಟಿದ್ದರು. ಅವನಿಗೆ ಸಿಟ್ಟು ಬಂತು, ರಸ್ತೆ ಕೆಲಸದ ಗಂಧಗಾಳಿ ಅವನಿಗಿರಲಿಲ್ಲ. ಹೆಸರು ಸೂಚಿಸಿದ ನೆರೆಯವ ಸಮಾಧಾನ ಹೇಳಿದ: ಕಾನ್‌ಸ್ಟೇಬಲ್ ಆಗಬೇಕು, ಇಲ್ಲ ಇದಾಗಬೇಕು, ಇಲ್ಲವೇ ದಂಡ ಕಟ್ಟಬೇಕು, ಇದೇ ವಾಸಿ. ಆಗ ವಕೀಲನಾಗಿದ್ದ ಜಾನ್ ಊರಿನ ಪೆನ್ಸ್ ಹಿಲ್ ಗುಡ್ಡದ ಮೇಲೆ ಬಂಡೆ ಸಿಡಿಸಿದ, ಚರಂಡಿ ತೋಡಿಸಿದ, ಊರಿನ ಒಳ್ಳೆಯ ಕೆಲಸಗಾರರನ್ನು ಹಿಡಿದು ಕಲ್ಲಿನ ಸೇತುವೆ ಕಟ್ಟಿಸಿದ. ಮರುವರ್ಷದ ಪ್ರವಾಹಕ್ಕೆ ಸೇತುವೆ ಕುಸಿಯಿತು. ಕಲ್ಲುಗಳು ಅಲ್ಲೇ ಉಳಿದಿದ್ದವು. ಅವನ್ನೇ ಆರಿಸಿ, ಇನ್ನೂ ಭದ್ರವಾಗಿ ಮತ್ತೆ ಕಟ್ಟಿದರು.