ಡ್ರಗ್ಸ್ ಚುಚ್ಕೊಳ್ಳೋರಿಗೆ ಫ್ರೀ ಸಿರಿಂಜು ಯಾಕೆ, ಅದು ದಂಡದ ಖರ್ಚಲ್ವಾ?

ಪ್ರಶ್ನೆ: "ಅಣ್ಣಾ, ಡ್ರಗ್ಸ್ ಇಂಜೆಕ್ಷನ್ ತಗೊಳ್ಳೋರಿಗೆ ಎಚ್‌ಐವಿ ಬರ್ದೇ ಇರ್ಲಿ ಅಂತ ಗೌರ್ಮೆಂಟೇ ಹೊಸ ಸಿರಿಂಜು ಫ್ರೀಯಾಗಿ ಕೊಡ್ತದಂತೆ. ಇದು ಚಟಕ್ಕೆ ಕುಮ್ಮಕ್ಕು ಕೊಟ್ಟಂಗಲ್ವಾ? ನಮ್ಮಪ್ಪಂಗೆ ಶುಗರ್ ಐತೆ, ಇನ್ಸುಲಿನ್ ಸಿರಿಂಜು ನಾವು ದುಡ್ಡು ಕೊಟ್ಟೇ ತಗೊಳ್ಳೋದು. ಅವ್ರಿಗ್ಯಾಕೆ ಫ್ರೀ? ಅದ್ರಿಂದ ಏನಾದ್ರೂ ಉಪ್ಯೋಗ ಆಗಿದ್ಯಾ?" (ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು)

ಮೊದಲು ನಿಮ್ಮಪ್ಪನ ವಿಷಯ. ಅವರಿಗೂ ಸಿರಿಂಜು ಫ್ರೀಯಾಗಿ ಸಿಗ್ಬೇಕು ಅಂತ ನೀವು ಕೇಳೋದ್ರಲ್ಲಿ ನ್ಯಾಯ ಇದೆ, ಮೆಡಿಕಲ್ ಸ್ಟೋರ್ ಇಟ್ಕೊಂಡಿರೋ ನಾನೇ ಈ ಮಾತು ಹೇಳ್ತಿದ್ದೀನಿ, ತಿಂಗಳ ಕೊನೇಲಿ ಒಂದೇ ಸೂಜೀನ ನಾಕ್ ನಾಕ್ ಸಲ ಚುಚ್ಕೊಳ್ಳೋ ಶುಗರ್ ಪೇಷಂಟುಗಳನ್ನ ದಿನಾ ನೋಡ್ತೀನಿ. ಅದಕ್ಕೆ ಬೇರೆಯಾಗೇ ಜಗಳ ಆಡೋಣ. ಆದ್ರೆ ನಮಗೆ ಸಿಕ್ಕಿಲ್ಲ ಅಂತ ಇನ್ನೊಬ್ಬರ ಕೈಯಿಂದ ಕಿತ್ಕೊಂಡ್ರೆ ಯಾರಿಗೂ ಏನೂ ಸಿಗಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಉಪ್ಯೋಗ ಆಗಿದೆ, ಚೆನ್ನಾಗೇ ಆಗಿದೆ, ಆದ್ರೆ ಕಾಯಿಲೆ ಹಬ್ಬೋಕ್ ಮುಂಚೆ ಶುರು ಮಾಡ್ಬೇಕು ಮತ್ತೆ ಸಾಕಾಗೋಷ್ಟು ಕೊಡ್ಬೇಕು. ಲೇಟಾಗಿ, ಅರೆಬರೆ ಕೊಟ್ರೆ ಆಗ ನಿಜವಾಗ್ಲೂ ದಂಡ.

ನೀವು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಹುಳು ಗೊತ್ತಿರುತ್ತೆ. ನಮ್ಮನೇಲೂ ಸಾಕ್ತಿದ್ರು. ಚಾಕಿ ಹುಳು, ಅಂದ್ರೆ ಎಳೇ ಹುಳು ತರೋಕ್ ಮುಂಚೆನೇ ಹುಳದ ಮನೆ, ತಟ್ಟೆ, ಗೂಡು ಕಟ್ಟೋ ಚಂದ್ರಿಕೆ ಎಲ್ಲಾ ತೊಳೆದು ಬ್ಲೀಚಿಂಗ್ ಪೌಡರ್ ಹೊಡೀತಾರೆ. ಆಗ ಒಂದೇ ಒಂದು ಹುಳಕ್ಕೂ ಕಾಯಿಲೆ ಬಂದಿರಲ್ಲ, ಆದ್ರೂ ಬ್ಲೀಚಿಂಗ್ ದುಡ್ಡು ದಂಡ ಅಂತ ಯಾರೂ ಅನ್ನಲ್ಲ. ಯಾಕಂದ್ರೆ ಸುಣ್ಣಕಟ್ಟು ರೋಗ ಒಂದು ಮೂಲೇಲಿ ಕಾಣಿಸ್ಕೊಂಡ ಮೇಲೆ ಓಡಾಡಿದ್ರೆ ಅಷ್ಟೊತ್ತಿಗೆ ಪಕ್ಕದ ತಟ್ಟೆಗೂ ಹೋಗಿರುತ್ತೆ. ಅರ್ಧ ಮನೆಗೆ ಹೊಡೆದು ಅರ್ಧ ಬಿಟ್ರೂ ಅಷ್ಟೇ ಕಥೆ.

ಸೂಜೀಲಿ ಎಚ್‌ಐವಿ ಹರಡೋದೂ ಹೆಚ್ಚೂಕಮ್ಮಿ ಹೀಗೇನೇ. ಚುಚ್ಚಿ ತೆಗೆದ ಮೇಲೆ ಸಿರಿಂಜ್ ಒಳಗೆ ಕಣ್ಣಿಗೆ ಕಾಣದಷ್ಟು ರಕ್ತ ಉಳ್ಕೊಂಡಿರುತ್ತೆ, ಅದ್ರಲ್ಲಿ ವೈರಸ್ ದಿನಗಟ್ಲೆ, ತಂಪಿದ್ರೆ ವಾರಗಟ್ಲೆ ಬದುಕಿರಬಹುದು. ಸೋಂಕಿರೋರು ಬಳಸಿದ ಸೂಜೀನ ಒಂದ್ಸಲ ಹಂಚ್ಕೊಂಡ್ರೆ ಅಂಟೋ ಚಾನ್ಸು ಹತ್ತು ಸಾವಿರಕ್ಕೆ ಸುಮಾರು 63 ಅಂತ ಲೆಕ್ಕ. ಇಷ್ಟೇನಾ ಅನ್ಸುತ್ತೆ, ಆದ್ರೆ ದಿನಕ್ಕೆ ಎರಡು ಮೂರು ಸಲ ಚುಚ್ಕೊಳ್ಳೋನು ವರ್ಷಕ್ಕೆ ಎಷ್ಟು ಸಲ ಆ ಜೂಜು ಆಡ್ತಾನೆ ನೀವೇ ಗುಣಿಸಿ ನೋಡಿ. ಲಿವರ್ ಹಾಳ್ಮಾಡೋ ಹೆಪಟೈಟಿಸ್ ಸಿ ಅಂತೂ ಇದಕ್ಕಿಂತ ಸುಲಭವಾಗಿ ಅಂಟುತ್ತೆ.

ಇದು ಎಷ್ಟು ಫಾಸ್ಟಾಗಿ ಹೋಗುತ್ತೆ ಅನ್ನೋಕೆ ನಮ್ಮ ದೇಶದ್ದೇ ಉದಾಹರಣೆ ಮಣಿಪುರ. 1989ರ ಸೆಪ್ಟೆಂಬರ್ ತನಕ ಅಲ್ಲಿ ಇಂಜೆಕ್ಷನ್ ಹೆರಾಯಿನ್ ತಗೊಳ್ಳೋರನ್ನ ಟೆಸ್ಟ್ ಮಾಡಿದ್ರೆ ಎಚ್‌ಐವಿ ಇರ್ಲಿಲ್ಲ, ಆರು ತಿಂಗಳಲ್ಲಿ ಅರ್ಧದಷ್ಟು ಜನಕ್ಕೆ ಬಂದಿತ್ತು. ಆರೇ ತಿಂಗಳು! ಆಮೇಲೆ ಅವರ ಹೆಂಡ್ತಿಯರಿಗೆ, ಅವರಿಂದ ಮಕ್ಕಳಿಗೆ. ಜೀವಮಾನದಲ್ಲಿ ಸಿರಿಂಜು ಮುಟ್ಟದಿರೋ ಹೆಣ್ಮಕ್ಕಳು ಅವರು. ಇವತ್ತಿಗೂ ದೇಶದಲ್ಲಿ ದೊಡ್ಡೋರ ಪೈಕಿ ಎಚ್‌ಐವಿ ಇರೋದು ಸಾವಿರಕ್ಕೆ ಇಬ್ಬರಿಗೆ, ಆದ್ರೆ 2021ರ ಸರ್ವೇ ಪ್ರಕಾರ ಇಂಜೆಕ್ಷನ್ ಡ್ರಗ್ಸ್ ತಗೊಳ್ಳೋರಲ್ಲಿ ನೂರಕ್ಕೆ ಒಂಬತ್ತು.

ಸರಿ, ಹೊಸ ಸಿರಿಂಜು ಕೊಟ್ರೆ ಎಷ್ಟು ತಡೆಯುತ್ತೆ? ಬೇರೆ ಬೇರೆ ದೇಶದ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಹೊಸ ಸೋಂಕು ಸುಮಾರು ಮೂರರಲ್ಲೊಂದು ಭಾಗ ಕಡಿಮೆ ಆಗಿದೆ. ಪೂರ್ತಿ ಅಲ್ಲ. ಸೂಜಿಯೊಂದೇ ಸಾಕು ಅಂತ ನಾನೂ ಹೇಳಲ್ಲ, ಅದ್ರ ಜೊತೆ ಓಎಸ್‌ಟಿ, ಅಂದ್ರೆ ಡ್ರಗ್ಸ್ ಬದಲಿಗೆ ಔಷಧಿ ಕೊಡೋ ಚಿಕಿತ್ಸೆ ಅಂತ ಒಂದಿದೆ, ನನ್ನ ಪ್ರಕಾರ ಅದೇ ಮುಖ್ಯ. ಹೆರಾಯಿನ್ ತರದ್ದಕ್ಕೆ ಒಗ್ಗಿ ಹೋಗಿರೋರಿಗೆ ದಿನಾ ಸೆಂಟರ್‌ನಲ್ಲಿ ನರ್ಸ್ ಕಣ್ಣೆದುರಿಗೇ ಬುಪ್ರೆನಾರ್ಫಿನ್ ಮಾತ್ರೆ ನಾಲಿಗೆ ಕೆಳಗೆ ಇಡ್ತಾರೆ. ಕೈಕಾಲು ಸೆಳೆತ, ಬೇಧಿ, ನಿದ್ದೆ ಬರ್ದೇ ಒದ್ದಾಡೋದು ಅವತ್ತಿಗೆ ನಿಲ್ಲುತ್ತೆ, ಚುಚ್ಕೊಳ್ಳೋ ಹಪಾಹಪಿ ಇಳಿಯುತ್ತೆ, ಮನುಷ್ಯ ಕೆಲಸಕ್ಕೆ ಹೋಗ್ತಾನೆ. ಈ ತರದ ಚಿಕಿತ್ಸೆ ಎಚ್‌ಐವಿ ತಗಲೋ ಅಪಾಯನ ಅರ್ಧಕ್ಕಿಂತ ಜಾಸ್ತಿ, ಅಂದ್ರೆ ಶೇ. 54ರಷ್ಟು ಇಳಿಸುತ್ತೆ ಅಂತ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೆಕ್ಕ. ಇದರ ಮೇಲೆ ಈಗಾಗ್ಲೇ ಎಚ್‌ಐವಿ ಇರೋರಿಗೆ ಎಆರ್‌ಟಿ, ಅಂದ್ರೆ ವೈರಸ್ ಅಡಗಿಸೋ ಮಾತ್ರೆ ಸರಿಯಾಗಿ ಸಿಕ್ರೆ ಅವರ ರಕ್ತದಲ್ಲಿ ವೈರಸ್ ತೀರಾ ಕಡಿಮೆ ಆಗುತ್ತೆ. ಮೂರೂ ಒಂದೇ ಊರಲ್ಲಿ ಸಿಗ್ಬೇಕು.

ಈಗ ದುಡ್ಡು. ಸಣ್ಣ ಇನ್ಸುಲಿನ್ ಸಿರಿಂಜು ನನ್ನ ಕೌಂಟರ್‌ನಲ್ಲೇ ಹತ್ತು ರೂಪಾಯಿ ಒಳಗೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ವರ್ಷಕ್ಕೆ 300 ಸಿರಿಂಜು ತಲುಪಬೇಕು ಅಂತ 2030ಕ್ಕೆ ಗುರಿ ಇಟ್ಟಿದೆ, ಹತ್ತು ರೂಪಾಯಿ ಅಂತಲೇ ಹಿಡಿದ್ರೂ 3,000 ಆಯ್ತು. ಆಕಡೆ ಎಚ್‌ಐವಿ ಮಾತ್ರೆ ಈಗ ತುಂಬಾ ಅಗ್ಗ ಆಗಿದೆ, ಬಡ ದೇಶಗಳಿಗೆ ಏಡ್ಸ್, ಟಿಬಿ ಔಷಧಿ ಕೊಡಿಸೋ ಗ್ಲೋಬಲ್ ಫಂಡ್‌ನೋರು 2023ರಲ್ಲಿ ಒಬ್ಬರಿಗೆ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆಗೆ ಮಾತುಕತೆ ಮುಗಿಸಿದ್ರು, ಅದೂ ಮೂರೂವರೆ ನಾಕು ಸಾವಿರ ಆಯ್ತು. ಎರಡೂ ಹತ್ತಿರ ಹತ್ತಿರ ಇದೆಯಲ್ಲ, ಮಾತ್ರೆನೇ ಕೊಟ್ರಾಯ್ತು ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆನೇ. ಇನ್ನೊಂದು ಮಾತೂ ಸೇರಿಸ್ಕೊಳ್ಳಿ, ಸಿರಿಂಜು ತಗೊಂಡ ನೂರು ಜನಕ್ಕೂ ಎಚ್‌ಐವಿ ಬಂದೇ ಬರ್ತಿತ್ತು ಅಂತೇನಿಲ್ಲ, ಹಾಗಾಗಿ ಒಂದು ಸೋಂಕು ತಪ್ಪಿಸೋ ಖರ್ಚು 3,000ಕ್ಕಿಂತ ಜಾಸ್ತಿನೇ.

ಆದ್ರೆ ಮಾತ್ರೆ ಸಾಯೋ ತನಕ. ಇಪ್ಪತ್ತೈದು ವರ್ಷದ ಹುಡುಗ ಅಂದ್ರೆ ಇನ್ನೂ ನಲವತ್ತು ವರ್ಷ. ಅದ್ರ ಜೊತೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋ ವೈರಲ್ ಲೋಡ್ ಟೆಸ್ಟು, ಟಿಬಿ ಬಂದ್ರೆ ಅದು, ಆಸ್ಪತ್ರೆಗೆ ಬಸ್ ಚಾರ್ಜು, ಕಳ್ಕೊಂಡ ಕೂಲಿ. ಇದ್ಯಾವುದೂ ಆ 45 ಡಾಲರ್‌ನಲ್ಲಿ ಬರಲ್ಲ. ಮತ್ತೆ ಒಂದು ಸೋಂಕು ಒಂದೇ ಆಗಿ ಉಳಿಯಲ್ಲ, ಮಣಿಪುರದಲ್ಲಿ ನೋಡಿದ್ರಲ್ಲ.

ಆಸ್ಟ್ರೇಲಿಯಾದೋರು ಇದನ್ನ ಕೂತು ಲೆಕ್ಕ ಹಾಕಿದ್ದಾರೆ. ಅಲ್ಲಿ 80ರ ದಶಕದಲ್ಲೇ, ಕಾಯಿಲೆ ಹಬ್ಬೋಕ್ ಮುಂಚೆನೇ ಸಿರಿಂಜು ಕೊಡೋಕೆ ಶುರು ಮಾಡಿದ್ರು. 2000ದಿಂದ 2009ರ ತನಕ ಅವರ ದುಡ್ಡಲ್ಲಿ 24.3 ಕೋಟಿ ಡಾಲರ್ ಖರ್ಚು, 32,050 ಎಚ್‌ಐವಿ ಸೋಂಕು ಮತ್ತೆ 96,667 ಹೆಪಟೈಟಿಸ್ ಸಿ ತಪ್ಪಿತು, ಒಂದು ಡಾಲರ್ ಹಾಕಿದ್ದಕ್ಕೆ ಆಸ್ಪತ್ರೆ ಖರ್ಚಲ್ಲೇ ನಾಕು ಡಾಲರ್ ಉಳೀತು ಅಂತ ಅವರ ಅಂದಾಜು.

ಲೇಟ್ ಮಾಡಿದ್ರೆ ಏನಾಗುತ್ತೆ ಅನ್ನೋಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ. ಅಲ್ಲಿ ಆಸ್ಟಿನ್ ಅಂತ ಊರು, ನಾಕು ಸಾವಿರ ಜನ, ನಮ್ಮ ಎಷ್ಟೋ ಹೋಬಳಿ ಊರುಗಳಿಗಿಂತ ಚಿಕ್ಕದು. ನೋವಿನ ಮಾತ್ರೆನ ಇಂಜೆಕ್ಟ್ ಮಾಡ್ಕೊಳ್ತಿದ್ರು, ಸಿರಿಂಜು ಹಂಚೋಕೆ ಕಾನೂನೇ ಬಿಡ್ತಿರ್ಲಿಲ್ಲ. 2015ರಲ್ಲಿ ಒಂದೇ ಸಮನೆ ಎಚ್‌ಐವಿ ಕೇಸು ಬಂದ್ವು, ಇನ್ನೂರು ದಾಟ್ತು. ಆಗಿನ ಗವರ್ನರ್ ಮೈಕ್ ಪೆನ್ಸ್‌ಗೆ ಇಂಥ ಯೋಜನೆ ಕಂಡ್ರೆ ಆಗ್ತಿರ್ಲಿಲ್ಲ, ಕೊನೆಗೆ ಅವರೇ ತುರ್ತುಸ್ಥಿತಿ ಘೋಷಿಸಿ ಸಿರಿಂಜು ಕೊಡೋಕೆ ಒಪ್ಪಿದ್ರು. 2013ರಲ್ಲೇ ಶುರು ಮಾಡಿದ್ರೆ ಸೋಂಕು 56 ದಾಟ್ತಿರ್ಲಿಲ್ಲ, 2011ರಲ್ಲಾದ್ರೆ ಹತ್ತರೊಳಗೇ ನಿಲ್ತಿತ್ತು ಅಂತ ಆಮೇಲೆ ಸಂಶೋಧಕರು ಲೆಕ್ಕ ಹಾಕಿದ್ರು. ಇದನ್ನ ಓದಿದಾಗ ನಂಗೆ ನಿಜವಾಗ್ಲೂ ಸಂಕಟ ಆಯ್ತು.

ವಿರೋಧ ಮಾಡೋರು ಕೆನಡಾದ ವ್ಯಾಂಕೂವರ್ ಹೆಸರು ತೆಗೀತಾರೆ, ಅಲ್ಲಿ ಸಿರಿಂಜು ಕೊಡ್ತಿದ್ರೂ 90ರ ದಶಕದಲ್ಲಿ ಎಚ್‌ಐವಿ ಏರಿತ್ತು. ಹೌದು, ಏರಿತ್ತು. ಅಲ್ಲಿನೋರು ಕೊಕೇನ್ ಚುಚ್ಕೊಳ್ತಿದ್ರು, ಅದು ದಿನಕ್ಕೆ ಹತ್ತಾರು ಸಲ ಹೋಗುತ್ತೆ, ಕೊಡ್ತಿದ್ದ ಸೂಜಿ ಯಾವ ಮೂಲೆಗೂ ಸಾಲ್ತಿರ್ಲಿಲ್ಲ. ಅರ್ಧ ಮನೆಗೆ ಬ್ಲೀಚಿಂಗ್ ಹೊಡೆದಂಗೆ.

ಕುಮ್ಮಕ್ಕಿನ ಪ್ರಶ್ನೆ ಉಳೀತು. ಸಿರಿಂಜು ಸಿಗುತ್ತೆ ಅಂತ ಯಾರೂ ಚಟ ಹತ್ತಿಸ್ಕೊಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ಪುರಾವೆನೆಲ್ಲಾ ಗುಡ್ಡೆ ಹಾಕಿ ನೋಡಿತ್ತು, ಬಳಕೆ ಜಾಸ್ತಿ ಆಗುತ್ತೆ ಅನ್ನೋಕೆ ನಂಬೋ ಅಂಥದ್ದೇನೂ ಸಿಗಲಿಲ್ಲ. ಬದಲಿಗೆ ಸಿರಿಂಜು ಈಸ್ಕೊಳ್ಳೋಕೆ ಬಂದೋನ ಜೊತೆ ಮಾತಾಡೋಕೆ ಒಬ್ಬರು ಸಿಗ್ತಾರೆ, ಟೆಸ್ಟು, ಓಎಸ್‌ಟಿ ಎಲ್ಲಾ ಅಲ್ಲಿಂದಾನೇ ಶುರು ಆಗುತ್ತೆ. ಕಾಂಡೋಮ್ ಹಂಚಿದಾಗ್ಲೂ ನಮ್ಮ ರಾಜ್ಯದಲ್ಲಿ ಇದೇ ಮಾತು ಕೇಳಿತ್ತು. ಮತ್ತೆ 2017ರ ಎಚ್‌ಐವಿ ಕಾಯ್ದೆ ಈ ತರ ಅಪಾಯ ತಗ್ಗಿಸೋ ಕೆಲಸನ ಅಪರಾಧ ಅಂತ ಹಿಡಿಯೋ ಹಾಗಿಲ್ಲ ಅಂತ ಸ್ಪಷ್ಟವಾಗೇ ಹೇಳುತ್ತೆ.

ನಮ್ಮ ಕಡೆ ಇಲ್ಲ ಅಂದ್ಕೋಬೇಡಿ. 2019ರ ಏಮ್ಸ್ ಸರ್ವೇ ದೇಶದಲ್ಲಿ ಎಂಟೂವರೆ ಲಕ್ಷ ಜನ ಡ್ರಗ್ಸ್ ಚುಚ್ಕೊಳ್ತಾರೆ ಅಂತ ಹೇಳ್ತು, ಜಾಸ್ತಿ ಇರೋ ರಾಜ್ಯಗಳ ಪಟ್ಟೀಲಿ ಕರ್ನಾಟಕನೂ ಇತ್ತು. ಬೆಂಗಳೂರು ಇಲ್ಲಿಂದ ಎರಡು ಗಂಟೆ ದಾರಿ ಅಷ್ಟೇ. ಒಂದ್ಸಲ ನನ್ನ ಅಂಗಡಿಗೆ ಒಬ್ಬ ಹುಡುಗ ಬಂದ, ಏಪ್ರಿಲ್ ಸೆಕೆಲೂ ಫುಲ್ ಶರ್ಟು, ಎರಡು ಸಿರಿಂಜು ಕೊಡಣ್ಣ ಅಂದ. ನಂಗೆ ಅರ್ಥ ಆಯ್ತು, ಇಲ್ಲ ಹೋಗಪ್ಪ ಅಂದೆ. ಒಳ್ಳೇ ಕೆಲಸ ಮಾಡ್ದೆ ಅಂತಲೇ ಅಂದ್ಕೊಂಡಿದ್ದೆ. ಮಾರನೇ ದಿನ ಬೆಳಿಗ್ಗೆ ಒಂದು ನರ್ಸಿಂಗ್ ಹೋಮ್ ಹಿಂದಿನ ಕಸದ ಹತ್ರ ಬಗ್ಗಿ ಏನೋ ಹುಡುಕ್ತಿದ್ದ. ನಾನು ಕೊಡಲಿಲ್ಲ ಅಂತ ಅವನೇನೂ ಬಿಟ್ಟಿರ್ಲಿಲ್ಲ. ಆಮೇಲಿಂದ ಯಾರಾದ್ರೂ ಕೇಳಿದ್ರೆ ಕೊಡ್ತೀನಿ, ಕೊಟ್ಟು 1097 ಅಂತ ಒಂದು ಚೀಟೀಲಿ ಬರೆದು ಕೊಡ್ತೀನಿ. ಅದು ಕೇಂದ್ರ ಸರ್ಕಾರದ ಏಡ್ಸ್ ತಡೆ ಸಂಸ್ಥೆ ನ್ಯಾಕೋದ ಫ್ರೀ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಜಿಲ್ಲಾಸ್ಪತ್ರೆಯ ಐಸಿಟಿಸಿ ಅನ್ನೋ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಟೆಸ್ಟ್ ಫ್ರೀ, ರಿಸಲ್ಟನ್ನ ಅಲ್ಲಿನೋರು ಬೇರೆಯವರಿಗೆ ಹೇಳೋ ಹಾಗಿಲ್ಲ. ಯಾರಿಗಾದ್ರೂ ಬಳಸಿದ ಸೂಜಿ ಚುಚ್ಚಿದ್ರೆ ಕಾಯ್ತಾ ಕೂರಬೇಡಿ, 72 ಗಂಟೆ ಒಳಗೆ, ಆದಷ್ಟು ಬೇಗ ಆಸ್ಪತ್ರೆಗೆ ಓಡಿ, 28 ದಿನ ತಗೊಳ್ಳೋ ತಡೆ ಮಾತ್ರೆ ಇದೆ.

ಮತ್ತೆ ನಿಮ್ಮಪ್ಪ ಬಳಸಿದ ಸಿರಿಂಜುಗಳು ಕಸದ ಜೊತೆ ಹೋಗೋದು ಬೇಡ, ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ, ಇಲ್ಲಾ ಆ ಹುಡುಗನಂಥವನ ಕೈಗೆ ಸಿಗುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿಡಿ, ತುಂಬಿದ ಮೇಲೆ ಹತ್ತಿರದ ಪಿಎಚ್‌ಸೀಲಿ ತಗೋತೀರಾ ಅಂತ ಕೇಳಿ ಅಲ್ಲೇ ಕೊಟ್ಬಿಡಿ.