ತಿಂದ್ರೂ ಗೊತ್ತಾಗದ ಗುಣಕ್ಕೆ ದುಡ್ಡು ಕೊಡೋದ್ಯಾಕೆ?

ಹೆಲ್ತ್ ಫುಡ್ ಅಂತ ದುಬಾರಿ ಪ್ಯಾಕೆಟ್ ತಗೊಳ್ಳೋರನ್ನ ನೋಡಿ ಶೋಕಿ, ದುಡ್ಡು ಜಾಸ್ತಿ ಆಗಿದೆ ಅಂತ ಬೈಯೋರೇ ಜಾಸ್ತಿ. ಇದು ತಪ್ಪು ಲೆಕ್ಕ, ಹಾಗೆ ಕೊಳ್ಳೋದರ ಹಿಂದೆ ತುಂಬಾ ಚಂದದ ಒಂದು ಐಡಿಯಾ ಇದೆ.

1970ರಲ್ಲಿ ಫಿಲಿಪ್ ನೆಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ವಸ್ತುಗಳ ಗುಣವನ್ನ ಎರಡು ಥರ ಮಾಡಿದ್ರು, ಕೊಳ್ಳೋಕ್ ಮುಂಚೆನೇ ನೋಡಿ ತಿಳಿಯೋದು, ಬಳಸಿದ್ಮೇಲೆ ತಿಳಿಯೋದು. 1973ರಲ್ಲಿ ಡಾರ್ಬಿ ಮತ್ತೆ ಕಾರ್ನಿ ಅನ್ನೋ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಮೂರನೇದನ್ನ ಸೇರಿಸಿದ್ರು: ಬಳಸಿದ್ಮೇಲೂ ತಿಳಿಯದೇ ಇರೋದು. ಹಣ್ಣು ಮಾಗಿದ್ಯಾ ಅಂತ ಒತ್ತಿ ನೋಡಬಹುದು, ಸಿಹಿ ಇದ್ಯಾ ಅಂತ ತಿಂದು ನೋಡಬಹುದು, ಆದ್ರೆ ಅದು ಆರ್ಗ್ಯಾನಿಕ್ಕಾ, ಇಪ್ಪತ್ತು ವರ್ಷ ಆದ್ಮೇಲೆ ಹಾರ್ಟಿಗೆ ಒಳ್ಳೇದು ಮಾಡುತ್ತಾ ಅಂತ ಯಾವ ನಾಲಿಗೆನೂ ಹೇಳಲ್ಲ. ಆರೋಗ್ಯದ ಆಹಾರ ಪೂರ್ತಿ ಈ ಮೂರನೇ ಜಾತಿ. ಹಾಗಾಗಿ ಕೊಳ್ಳೋರು ಬೇರೆ ಸಾಕ್ಷಿ ಹುಡುಕ್ತಾರೆ, ಲೇಬಲ್ಲು, ಸರ್ಟಿಫಿಕೇಟ್ ಮುದ್ರೆ, ಡಾಕ್ಟರ್ ಮಾತು, ಪರಿಚಯದವರ ಅನುಭವ, ಕೊನೆಗೆ ಬೆಲೆ ಕೂಡ! 2008ರ ಒಂದು ಪ್ರಯೋಗದಲ್ಲಿ ಒಂದೇ ವೈನನ್ನ 10 ಡಾಲರ್ದು ಅಂತ ಒಮ್ಮೆ, 90 ಡಾಲರ್ದು ಅಂತ ಇನ್ನೊಮ್ಮೆ ಕೊಟ್ರೆ, ದುಬಾರಿ ಅಂದಾಗ ಕುಡಿದವರಿಗೆ ಜಾಸ್ತಿ ಇಷ್ಟ ಆಯ್ತು, ಸ್ಕ್ಯಾನಲ್ಲಿ ಮಿದುಳಿನ ಸುಖ ಅಳೆಯೋ ಭಾಗನೂ ಹೆಚ್ಚು ಚುರುಕಾಗಿತ್ತು.

ಲೇಬಲ್ಲಿಗೆ ಎಷ್ಟು ಶಕ್ತಿ ಅಂತ ಗೊತ್ತಾಗೋಕೆ ಅಮೆರಿಕದ 1984ರ ಕಥೆ ನೋಡಿ. ನಾರಿನಂಶ ಒಳ್ಳೇದು ಅಂತ ವಿಜ್ಞಾನಿಗಳು ಅದಕ್ಕೂ ಎಷ್ಟೋ ಮುಂಚಿಂದ ಹೇಳ್ತಿದ್ರು, ಜನ ಅಷ್ಟಾಗಿ ಕಿವಿಗೆ ಹಾಕ್ಕೊಂಡಿರಲಿಲ್ಲ. ಕೆಲಾಗ್ಸ್ ಕಂಪನಿ ಆಲ್‌-ಬ್ರಾನ್ ಅನ್ನೋ ಸೀರಿಯಲ್ (ಬೆಳಗ್ಗೆ ಹಾಲಲ್ಲಿ ಹಾಕ್ಕೊಂಡು ತಿನ್ನೋ ಧಾನ್ಯದ ತಿಂಡಿ) ಡಬ್ಬಿ ಮೇಲೆ ನಾರಿನಂಶಕ್ಕೂ ಕ್ಯಾನ್ಸರ್ ರಿಸ್ಕಿಗೂ ಇರೋ ಸಂಬಂಧದ ಬಗ್ಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಲಹೆ ಅಚ್ಚು ಹಾಕಿಸ್ತು, ಆಮೇಲೆ ನಾರಿನಂಶ ಇರೋ ಸೀರಿಯಲ್ ತಿನ್ನೋರು ಜಾಸ್ತಿ ಆದ್ರು, ಬೇರೆ ಕಂಪನಿಗಳೂ ನಾರು ಹೆಚ್ಚಿರೋ ಸೀರಿಯಲ್ ತಂದ್ವು. ನಂಗೆ ಇದು ಒಳ್ಳೇ ಸುದ್ದಿನೇ, ಸರಿಯಾದ ಮಾತು ಸರಿಯಾದ ಜಾಗದಲ್ಲಿತ್ತು. ಆದ್ರೆ ಅದೇ ದಾರೀಲಿ ಅರ್ಧಂಬರ್ಧ ಮಾತುಗಳೂ ನುಗ್ಗಿದ್ವು, 1990ರಲ್ಲಿ ಅಲ್ಲಿ ಲೇಬಲ್ ಕಾನೂನೇ ತರಬೇಕಾಯ್ತು.

ನಂಗೆ ನಿಜಕ್ಕೂ ಸಿಟ್ಟು ಬರೋದು ಅಡುಗೆ ಎಣ್ಣೆ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ನೋಡಿದಾಗ. ಸಸ್ಯದ ಎಣ್ಣೇಲಿ ಅದು ಇಲ್ಲ ಅನ್ನೋಷ್ಟು ಕಡಿಮೆ, ಯಾವ ಬ್ರ್ಯಾಂಡೇ ಆಗ್ಲಿ. ಆದ್ರೂ ಒಂದು 'ಇಲ್ಲ' ಓದಿದ್ರೆ ಕೊಬ್ಬೂ ಕಡಿಮೆ, ಕ್ಯಾಲೊರಿನೂ ಕಡಿಮೆ ಅಂತ ಮನಸ್ಸು ತಾನೇ ಸೇರಿಸ್ಕೊಂಡ್ಬಿಡುತ್ತೆ. ಯಾವ ಎಣ್ಣೆ ಆದ್ರೂ ಗ್ರಾಂಗೆ ಸುಮಾರು 9 ಕ್ಯಾಲೊರಿ.

ಪ್ಯಾಕೆಟ್ ತಿರುಗಿಸಿ ಸಾಮಗ್ರಿ ಪಟ್ಟಿ ಓದಿ, ಸಾಮಾನ್ಯವಾಗಿ ತೂಕ ಜಾಸ್ತಿ ಇರೋದು ಮೊದಲು ಬರುತ್ತೆ. ಸಕ್ಕರೆ, ಗ್ಲೂಕೋಸ್ ಸಿರಪ್, ಜೇನು ಅಂತ ಬೇರೆ ಬೇರೆ ಹೆಸರಲ್ಲಿದ್ರೆ ಒಂದೊಂದೂ ಕೆಳಗೆ ಹೋಗಿರುತ್ತೆ, ಮೂರೂ ಕೂಡಿಸಿದ್ರೆ ಪಟ್ಟಿಯ ಮೇಲೇ ಬರಬೇಕಾದದ್ದು.